ಹಾರುವ ಹಕ್ಕಿಯ ಚಿತ್ರವೂ ನಮ್ಮ ಅಹಿಂಸಾವ್ರತವೂ



ಪ್ರತಿವರ್ಷವೂ ನಮ್ಮ ವಾರ್ಷಿಕ ಉತ್ಸವದ ಸ್ಮರಣಿಕೆಯಲ್ಲಿ ವಿದ್ವಾಂಸರೂ ತ್ಯಾಗಿಗಳೂ ಬರೆಯುವ ಲೇಖನಗಳು ಪ್ರಕಟವಾಗುತ್ತವೆ. ನಾನು ವಿದ್ವಾಂಸನಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಮ್ಯಾಟ್ರಿಕ್ ಮುಗಿಸಿ, ಹೊಟ್ಟೆಪಾಡಿಗಾಗಿ ಗೋವೆಗೆ ಬಂದು, ಕಿರಾಣಿ ವ್ಯಾಪಾರದಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಆದರೂ ಈ ಸಲ ಲೇಖನಿ ಹಿಡಿಯಲು ಒಂದು ಕಾರಣವಿದೆ. ಈ ಸ್ಮರಣಿಕೆಯ ಮುಖಪುಟಕ್ಕಾಗಿ ಮೊದಲು ಆರಿಸಿದ್ದ ಚಿತ್ರವನ್ನು ಕೊನೆಯ ಗಳಿಗೆಯಲ್ಲಿ ಬದಲಿಸಬೇಕಾಯಿತು. ಬದಲಿಸಿರೆಂದು ಕೇಳಿಕೊಂಡವನು ನಾನೇ. ಏಕೆ ಎಂದು ಹಲವರು ಕೇಳಿದರು. ಅವರಿಗೆ ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ.

ನನ್ನ ಮೊಮ್ಮಗನು ಕಾಲೇಜಿನಲ್ಲಿ ಓದುತ್ತಿದ್ದಾನೆ. ಅವನಿಗೆ ಹಕ್ಕಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸ. ಕುಳಿತ ಹಕ್ಕಿಯಲ್ಲ, ಹಾರುವ ಹಕ್ಕಿಯೇ ಬೇಕು. ಅದು ಬಹು ಕಠಿಣವಾದ ವಿದ್ಯೆ ಎಂಬುದನ್ನು ಅವನ ಜೊತೆ ತಿರುಗಾಡಿಯೇ ತಿಳಿದೆ. ಬೆಳ್ಳಕ್ಕಿ, ಗರುಡನಂತಹ ನಿಧಾನವಾಗಿ ರೆಕ್ಕೆ ಬಡಿಯುವ ಹಕ್ಕಿಗೂ ಶಟರ್ ಒಂದು ಸೆಕೆಂಡಿನ ಸಾವಿರದ ಐನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದು ಮುಚ್ಚಬೇಕು. ಮಿಂಚುಳ್ಳಿಯಂತಹ ಚಿಕ್ಕ ಹಕ್ಕಿಗೆ ಅದರ ಅರ್ಧ ಸಮಯವೂ ಹೆಚ್ಚೇ. ಹಕ್ಕಿ ದೂರ ಸರಿದಂತೆ ಫೋಕಸ್ ತಾನಾಗಿಯೇ ಅದನ್ನು ಹಿಂಬಾಲಿಸಬೇಕು. ಇವೆಲ್ಲಕ್ಕೂ ತಕ್ಕ ಕ್ಯಾಮೆರಾ ಬೇಕು, ಉದ್ದನೆಯ ಲೆನ್ಸ್ ಬೇಕು.

ಅವನ ಆಸೆಗೆ ಮಣಿದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾವನ್ನೂ 200-500 ಮಿ.ಮೀ. ಲೆನ್ಸನ್ನೂ ಕೊಡಿಸಿದೆ. ಮನೆಗೆ ಬಂದ ದಿನ ಲೆನ್ಸನ್ನು ಅಂಗಡಿಯ ಕಾಟಾದ ಮೇಲೆ ಇಟ್ಟು ನೋಡಿದೆವು. 2 ಕಿಲೋ 300 ಗ್ರಾಂ ತೂಗಿತು! ಬೇಳೆ, ಬೆಲ್ಲ ತೂಗುವ ಕಾಟಾದಲ್ಲಿ ನನ್ನ ಮಮತೆಯನ್ನೂ ಅಂದು ತೂಗಿದಂತಾಯಿತು. ಆಗ ಅದು ನನಗೆ ಹೊಳೆಯಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಅವನೊಂದಿಗೆ ಕರಮಳಿಯ ಕೆರೆಗೆ ಹೋದೆ. ಹಳೇ ಗೋವೆಯ ಸಮೀಪ, ಕೊಂಕಣ ರೈಲು ಮಾರ್ಗದ ಮಗ್ಗುಲಲ್ಲಿಯೇ ಇರುವ ಈ ಕೆರೆಯನ್ನು ನಿಮ್ಮಲ್ಲಿ ಬಹಳ ಮಂದಿ ರೈಲಿನ ಕಿಟಕಿಯಿಂದ ನೋಡಿರುತ್ತೀರಿ. ಗದ್ದೆಗಳ ನೀರಾವರಿಗಾಗಿ ಹಿಂದಿನವರು ಕಟ್ಟಿಸಿದ ಕೆರೆ. ಅಲ್ಲಿ ಸಿಳ್ಳೆ ಬಾತುಗಳು ಗುಂಪುಗುಂಪಾಗಿ ಇರುತ್ತವೆ. ಚಳಿಗಾಲದಲ್ಲಿ ಉತ್ತರದ ಶೀತಪ್ರದೇಶಗಳಿಂದ ಸೂಜಿಬಾಲದ ಬಾತುಗಳೂ ಬರುತ್ತವೆ. ಆ ದಿನ ನೂರಾರು ಹಕ್ಕಿಗಳು ನೀರಿನಲ್ಲಿ ನಿಶ್ಚಿಂತವಾಗಿ ಕುಳಿತಿದ್ದವು. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಒಂದೂ ಹಾರಲಿಲ್ಲ. ಹುಡುಗನ ಮುಖ ಬಾಡಿತು. ಬಿಸಿಲೇರಿದರೆ ಚಿತ್ರ ಕೆಡುತ್ತದೆ, ಮರುದಿನ ಅವನಿಗೆ ಪರೀಕ್ಷೆ, ಇನ್ನೊಂದು ಸಲ ಬರುವುದು ಯಾವಾಗಲೋ.

ಆಗ ನಾನು ಏರಿಯ ಅಂಚಿಗೆ ಹೋಗಿ ಎರಡೂ ಕೈಗಳನ್ನೆತ್ತಿ ಜೋರಾಗಿ ಚಪ್ಪಾಳೆ ತಟ್ಟಿದೆ.

ಕೆರೆಯೇ ಮೇಲೆದ್ದಂತೆ ಹಕ್ಕಿಗಳು ಎದ್ದವು. ರೆಕ್ಕೆಗಳ ಸದ್ದು, ಸಿಳ್ಳಿನ ಕೂಗು, ನೀರಹನಿಗಳ ಮೇಲೆ ಎಳೆಬಿಸಿಲು. ಮೊಮ್ಮಗನ ಕ್ಯಾಮೆರಾ ಎಡೆಬಿಡದೆ ಕೆಲಸ ಮಾಡಿತು. ನನಗೂ ಆ ಕ್ಷಣ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳಬೇಕು. ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಅಂಗಡಿಯಲ್ಲಿ ತೂಗುಹಾಕಿದೆ. ನೋಡಿದವರೆಲ್ಲರೂ ಹೊಗಳಿದರು. ಸ್ಮರಣಿಕೆಯ ಸಭೆಯಲ್ಲಿ ಅದೇ ಮುಖಪುಟವಾಗಲಿ ಎಂದು ಎಲ್ಲರೂ ಒಮ್ಮತದಿಂದ ಹೇಳಿದರು. ಬಂಧನದಿಂದ ಬಿಡುಗಡೆಗೊಂಡ ಆತ್ಮದ ಊರ್ಧ್ವಗತಿಗೆ ಇದಕ್ಕಿಂತ ಒಳ್ಳೆಯ ಉಪಮೆ ಸಿಗದು ಎಂದು ಒಬ್ಬರು ಅಂದರು.

ಸಭೆಯಲ್ಲಿ ಗುಜರಾತಿ ಕುಟುಂಬದ ಹಿರಿಯ ಶ್ರಾವಿಕೆಯೊಬ್ಬರು ಇದ್ದರು. ನಾವೆಲ್ಲರೂ ಅವರನ್ನು ಬಾ ಎಂದೇ ಕರೆಯುವುದು. ಅವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಹಿಂದಿಯಲ್ಲಿ ನನ್ನನ್ನು ಕೇಳಿದರು: “ಭಾಯಿ, ಇವು ಎಲ್ಲಿಗೆ ಹೋಗುತ್ತಿವೆ?”

ಬಾ ಅವರದು ಸರಳವಾದ ಪ್ರಶ್ನೆ. ಆಕ್ಷೇಪದ ಧ್ವನಿಯೇನೂ ಅದರಲ್ಲಿ ಇರಲಿಲ್ಲ. ಆದರೆ ನನಗೆ ಉತ್ತರ ಹೊರಡಲಿಲ್ಲ. ಅವು ಎಲ್ಲಿಗೂ ಹೋಗುತ್ತಿರಲಿಲ್ಲ. ನನ್ನಿಂದ ದೂರ ಹೋಗುತ್ತಿದ್ದವು, ಅಷ್ಟೆ.

ಆ ರಾತ್ರಿಯಿಂದ ನನ್ನ ಮನಸ್ಸಿನಲ್ಲಿ ವಾದ-ಪ್ರತಿವಾದ ಶುರುವಾಯಿತು. ಒಂದು ಹಕ್ಕಿಯೂ ಸಾಯಲಿಲ್ಲ, ಒಂದು ಗರಿಯೂ ಮುರಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವು ಅದೇ ಕೆರೆಗೆ ಇಳಿದವು. ಹಾಗಿದ್ದಲ್ಲಿ ಹಿಂಸೆ ಎಲ್ಲಿ ನಡೆಯಿತು?

ಉಭಯ ಸಂಪ್ರದಾಯಗಳೂ ಮಾನ್ಯ ಮಾಡಿರುವ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಾಣಕ್ಕೆ ಆಗುವ ಘಾತವನ್ನು ಮಾತ್ರ ಹೇಳಿ ನಿಲ್ಲುವುದಿಲ್ಲ. ಅದರ ಹಿಂದಿರುವ ಪ್ರಮಾದವನ್ನು, ಅಂದರೆ ರಾಗದ್ವೇಷಗಳಿಂದ ಕೂಡಿದ ಎಚ್ಚರಗೇಡಿತನವನ್ನು, ಮೊದಲು ಹೇಳುತ್ತದೆ. ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ ಎಂದು ನಮ್ಮ ಆಚಾರ್ಯರು ವಿಂಗಡಿಸಿದ್ದು ಇದಕ್ಕಾಗಿಯೇ. ಗೃಹಸ್ಥನ ಹಿಂಸೆಯನ್ನು ಅವರು ನಾಲ್ಕು ಬಗೆಯಾಗಿ ಎಣಿಸಿದ್ದಾರೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಬೇಕೆಂದೇ ಮಾಡುವುದು ಸಂಕಲ್ಪೀ. ಮೊದಲಿನ ಮೂರನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರ. ಕಡಿಮೆ ಮಾಡಿಕೊಳ್ಳಬಹುದು, ಅಷ್ಟೆ. ನಾಲ್ಕನೆಯದನ್ನು ಅವನು ಬಿಡಲೇಬೇಕು.

ನನ್ನ ಚಪ್ಪಾಳೆಯನ್ನು ಈ ನಾಲ್ಕು ಖಾನೆಗಳಲ್ಲಿ ಯಾವುದರಲ್ಲಿ ಬರೆಯಲಿ? ಅದು ಮನೆಗೆಲಸವಲ್ಲ, ವ್ಯಾಪಾರವಲ್ಲ. ಬಾತುಗಳು ನನ್ನ ಮೇಲೆ ಏರಿಬಂದಿರಲಿಲ್ಲ. ಉಳಿದದ್ದು ಒಂದೇ ಖಾನೆ. ಕೊಲ್ಲುವ ಸಂಕಲ್ಪ ನನಗೆ ಖಂಡಿತವಾಗಿಯೂ ಇರಲಿಲ್ಲ. ಆದರೆ ಹೆದರಿಸುವ ಸಂಕಲ್ಪ ಇತ್ತು. ಅವು ಹೆದರಲಿ ಎಂದೇ ನಾನು ಕೈ ತಟ್ಟಿದ್ದು.

ಇನ್ನೂ ಒಂದು ಮಾತಿದೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಾಕಿದ ಎತ್ತಿಗೆ ಮೇವು ನೀರು ತಪ್ಪಿಸಬಾರದೆಂದು ನಾವು ಕೊನೆಯದನ್ನು ಅರ್ಥಮಾಡುತ್ತೇವೆ. ಕಾಡಿನ ಹಕ್ಕಿಗೆ ಅನ್ವಯಿಸುವುದಿಲ್ಲವೆ? ಹಕ್ಕಿಯ ದಿನವು ಬಡವನ ದಿನದಂತೆ. ದುಡಿದಷ್ಟೇ ಊಟ. ಸಾವಿರಾರು ಕಿಲೋಮೀಟರ್ ಹಾರಿಬಂದ ವಲಸೆಯ ಹಕ್ಕಿಯು ಇಲ್ಲಿ ತಿಂದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳಬೇಕು. ಅದೇ ಮರುಪ್ರಯಾಣದ ಬಂಡವಾಳ. ನೀರಿನಿಂದ ಒಮ್ಮೆಲೇ ಮೇಲೇಳುವುದಂತೂ ಬಾತಿಗೆ ಬಹಳ ಶಕ್ತಿ ಬೇಡುವ ಕೆಲಸ. ಒಬ್ಬನು ಒಂದು ಸಲ ಎಬ್ಬಿಸಿದರೆ ಅದು ಸಣ್ಣ ಖರ್ಚು. ಪ್ರತಿ ಭಾನುವಾರ ಹತ್ತು ಮಂದಿ ಎಬ್ಬಿಸಿದರೆ? ಗೂಡಿನ ಹತ್ತಿರವಾದರೆ ವಿಷಯ ಇನ್ನೂ ಘೋರ. ತಾಯಿ ಎದ್ದುಹೋದ ಸ್ವಲ್ಪ ಹೊತ್ತಿನಲ್ಲಿಯೇ ಮೊಟ್ಟೆ ಬಿಸಿಲಿಗೆ ಸಿಕ್ಕುತ್ತದೆ, ಕಾಗೆಯ ಕಣ್ಣಿಗೆ ಬೀಳುತ್ತದೆ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದೂ ಸೇರಿದೆ. ಗೂಡನ್ನು ಕಾಡುವವನು ಕೈಯಲ್ಲಿ ಬಂದೂಕು ಇಲ್ಲದಿದ್ದರೂ ಬೇಟೆಗಾರನೇ ಎಂದಾಯಿತು.

ಬಂದೂಕಿನ ಮಾತು ಬಂದಿತು. ಫ್ರಾನ್ಸ್ ದೇಶದ ವಿಜ್ಞಾನಿ ಎತಿಯೆನ್ ಜೂಲ್ ಮಾರೇ ಎಂಬವರು 1882ರಲ್ಲಿ ಹಕ್ಕಿಯ ಹಾರಾಟವನ್ನು ಅಭ್ಯಾಸಮಾಡಲು ಒಂದು ಯಂತ್ರವನ್ನು ರಚಿಸಿದರು. ಅದರ ಆಕಾರ ಬಂದೂಕಿನದೇ. ಹೆಗಲಿಗೆ ಆನಿಸಿ, ಗುರಿಯಿಟ್ಟು, ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರಗಳು ಮೂಡುತ್ತಿದ್ದವು. ಇಂದಿನ ಕ್ಯಾಮೆರಾಗಳು 20, 30 ಚಿತ್ರಗಳನ್ನು ತೆಗೆಯುತ್ತವೆ. ಆದರೆ ನಮ್ಮ ಹುಡುಗರ ಬಾಯಲ್ಲಿ ಇಂದಿಗೂ ಶೂಟ್ ಮಾಡಿದೆ ಎಂಬ ಮಾತೇ ಬರುತ್ತದೆ. ಯಂತ್ರ ಬದಲಾದರೂ ಭಾಷೆ ಬದಲಾಗಲಿಲ್ಲ. ಭಾಷೆ ಬದಲಾಗದಿದ್ದರೆ ಭಾವವು ಬದಲಾಗುವುದು ಕಷ್ಟ.

ಹಾಗೆಂದು ಕ್ಯಾಮೆರಾವನ್ನೇ ದೂಷಿಸುವುದು ನ್ಯಾಯವಲ್ಲ. ಮಾಂಡೋವಿ ನದಿಯ ಚೋಡಣ ದ್ವೀಪದಲ್ಲಿರುವ ಪಕ್ಷಿಧಾಮಕ್ಕೆ ಯಾರ ಹೆಸರಿದೆಯೋ ಆ ಡಾ. ಸಲೀಂ ಅಲಿ (1896-1987) ಅವರ ಪಕ್ಷಿಶಾಸ್ತ್ರವು ಆರಂಭವಾದುದೇ ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಒಂದು ಹಳದಿ ಕೊರಳಿನ ಗುಬ್ಬಿಯಿಂದ. ಅದು ಯಾವ ಗುಬ್ಬಿ ಎಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗನೇ ಮುಂದೆ ಆ ಶಾಸ್ತ್ರದ ಮಹಾಪಂಡಿತನಾದ. ಅಂದಿನ ಪದ್ಧತಿಯಂತೆ ಹಕ್ಕಿಯನ್ನು ಗುರುತಿಸಲು ಕೊಂದು ಚರ್ಮವನ್ನು ಕೂಡಿಡಬೇಕಾಗಿತ್ತು. ಇಂದು ಒಂದು ಸ್ಪಷ್ಟವಾದ ಚಿತ್ರವು ಬಹುಮಟ್ಟಿಗೆ ಆ ಕೆಲಸವನ್ನು ಮಾಡುತ್ತದೆ. ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಕಾರಣರಾದವರೂ ಸಲೀಂ ಅಲಿಯವರೇ. ಬೇಟೆಯ ಬುದ್ಧಿಯು ರಕ್ಷಣೆಯ ಬುದ್ಧಿಯಾಗಿ ಪರಿವರ್ತನೆ ಹೊಂದಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ನಮ್ಮವರು ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. ಹಿಂದಿನ ಫಿಲ್ಮಿನ ಲೇಪದಲ್ಲಿ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಜಿಲೆಟಿನ್ ಇರುತ್ತಿತ್ತು. ಡಿಜಿಟಲ್ ಕ್ಯಾಮೆರಾ ನಮ್ಮನ್ನು ಫಿಲ್ಮಿನಿಂದ ಬಿಡಿಸಿದೆ.

ಈಗ ಕ್ಯಾಮೆರಾ, ಲೆನ್ಸುಗಳ ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿಯೇ ನಿಜವಾದ ಧರ್ಮಸಂಕಟವಿದೆ. ನಾನು ಚಪ್ಪಾಳೆಯ ವಿಷಯವನ್ನು ಪಶ್ಚಾತ್ತಾಪದಿಂದ ಹೇಳಿದಾಗ ಮೊಮ್ಮಗ ಹೀಗೆಂದ: “ಅಜ್ಜಾ, ಇನ್ನೂ ಉದ್ದದ ಲೆನ್ಸ್ ಇದ್ದರೆ ನಾವು ಹತ್ತಿರ ಹೋಗುವ ಪ್ರಮೇಯವೇ ಬರುವುದಿಲ್ಲ. ಶಬ್ದ ಮಾಡದ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಹಕ್ಕಿಗೆ ನಾವಿರುವುದೂ ತಿಳಿಯುವುದಿಲ್ಲ. ಅಹಿಂಸೆ ಬೇಕೆಂದರೆ ದುಡ್ಡು ಹಾಕಬೇಕು.”

ಅವನ ಮಾತಿನಲ್ಲಿ ಸತ್ಯಾಂಶವಿದೆ. ದೂರವೇ ಹಕ್ಕಿಗೆ ಅಭಯ. ಆ ದೂರವನ್ನು ಕೊಡುವುದು ಉದ್ದನೆಯ ಲೆನ್ಸ್. ಆದರೆ 600 ಮಿ.ಮೀ. ಎಫ್/4 ಲೆನ್ಸಿನ ಬೆಲೆ 10 ಲಕ್ಷ ರೂಪಾಯಿಗೂ ಮೇಲೆ. ಅಹಿಂಸಾವ್ರತವು ದೊಡ್ಡ ಲೆನ್ಸನ್ನು ಕೊಳ್ಳೆನ್ನುತ್ತದೆ, ಅಪರಿಗ್ರಹವು ಬೇಡವೆನ್ನುತ್ತದೆ. ಎರಡು ವ್ರತಗಳು ಎದುರುಬದುರಾದರೆ ಶ್ರಾವಕನು ಯಾವುದನ್ನು ಹಿಡಿಯಬೇಕು?

ಬಹಳ ಯೋಚಿಸಿದ ಮೇಲೆ ಈ ವಿರೋಧವು ತೋರಿಕೆಯದೆಂದು ನನಗೆ ಮನವರಿಕೆಯಾಯಿತು. ಕಾರಣವು ನಮ್ಮ ಕಣ್ಣೆದುರಿಗೇ ಇದೆ. ಮೊದಲು ಅವನ ಬಳಿ 300 ಮಿ.ಮೀ. ಲೆನ್ಸ್ ಇತ್ತು. 500 ಬಂದಾಗ ಅವನು ಹಿಂದೆ ಸರಿದು ನಿಂತನೆ? ಇಲ್ಲ. ಮೊದಲು ನಿಲ್ಲುತ್ತಿದ್ದ ಜಾಗದಲ್ಲಿಯೇ ನಿಂತು, ಮೊದಲು ಇಡೀ ಹಕ್ಕಿ ಬೇಕೆನ್ನುತ್ತಿದ್ದವನು ಈಗ ಅದರ ಕಣ್ಣಿನ ಹೊಳಪು ಬೇಕೆಂದ. ಲೆನ್ಸ್ ಉದ್ದವಾದಂತೆ ಆಸೆಯೂ ಉದ್ದವಾಯಿತು. ಲೆನ್ಸು ದೂರ ನಿಲ್ಲಲು ಅವಕಾಶ ಕೊಡುತ್ತದೆಯೇ ಹೊರತು ದೂರ ನಿಲ್ಲುವ ಬುದ್ಧಿಯನ್ನು ಕೊಡಲಾರದು. ಬುದ್ಧಿಯಿದ್ದವನಿಗೆ 300 ಸಾಕು, ಇಲ್ಲದವನಿಗೆ 600 ಸಾಲದು. ವಸ್ತುವಿಗಿಂತ ವಸ್ತುವಿನ ಮೇಲಿನ ಮಮತೆಯೇ ಪರಿಗ್ರಹವೆಂದು ಶಾಸ್ತ್ರವು ಹೇಳಿದ್ದು ಎಷ್ಟು ಅನುಭವದ ಮಾತು!

ಆದುದರಿಂದ ಪರಿಗ್ರಹಪರಿಮಾಣದ ರೀತಿಯಲ್ಲಿಯೇ ನಾವಿಬ್ಬರೂ ಕೂಡಿ ಒಂದು ಮಿತಿಯನ್ನು ಹಾಕಿಕೊಂಡೆವು. ಈ ಹವ್ಯಾಸವುಳ್ಳ ತರುಣರು ನಮ್ಮ ಸಮಾಜದಲ್ಲಿ ಹಲವರಿರುವುದರಿಂದ ಇಲ್ಲಿ ಬರೆಯುತ್ತೇನೆ. ಒಂದು ಕ್ಯಾಮೆರಾ, ಒಂದು ಲೆನ್ಸ್, ಅಷ್ಟೆ. 400 ರಿಂದ 600 ಮಿ.ಮೀ. ವರೆಗೆ ಮುಟ್ಟುವ, ಕೈಯಲ್ಲಿ ಹಿಡಿದು ಅರ್ಧ ಗಂಟೆ ನಿಲ್ಲಬಲ್ಲಷ್ಟು ಹಗುರಾದ ಲೆನ್ಸು ಹವ್ಯಾಸಿಗೆ ಧಾರಾಳವಾಯಿತು. ಹಾರುವ ಹಕ್ಕಿಯನ್ನು ಹಿಂಬಾಲಿಸಿ ತಿರುಗಿಸಬೇಕಾಗಿರುವುದರಿಂದ ಅತಿಭಾರವು ಗುಣವಲ್ಲ, ದೋಷ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದೇ ಲೆನ್ಸಿನಿಂದ ಹಕ್ಕಿ ಚೌಕಟ್ಟಿನಲ್ಲಿ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ, ಬೆಲೆಯೂ ಕಡಿಮೆ. ಚೆನ್ನಾಗಿ ಇಟ್ಟುಕೊಂಡ ಸೆಕೆಂಡ್ ಹ್ಯಾಂಡ್ ವಸ್ತುವನ್ನು ಕೊಳ್ಳುವುದರಲ್ಲಿ ಸಂಕೋಚ ಬೇಡ. ಹೊಸತು ಬಂದಾಗ ಹಳೆಯದನ್ನು ಇನ್ನೊಬ್ಬ ಹುಡುಗನಿಗೆ ದಾಟಿಸಬೇಕು. ಎಷ್ಟು ದೂರ ನಿಲ್ಲಬೇಕೆಂಬುದನ್ನು ಲೆನ್ಸು ನಿರ್ಣಯಿಸಬಾರದು, ಹಕ್ಕಿ ನಿರ್ಣಯಿಸಬೇಕು. ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನಿಮ್ಮ ಕಡೆ ನೋಡಿತೆಂದರೆ ಅಲ್ಲಿಗೇ ನಿಮ್ಮ ಗಡಿ ಮುಗಿಯಿತು. ಎರಡು ಹೆಜ್ಜೆ ಹಿಂದೆ ಸರಿಯಿರಿ. ಗೂಡಿನ ಚಿತ್ರ ಬೇಡವೇ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಮೋಸದಿಂದ ಕರೆಯುವುದೂ ಬೇಡ. ಹಕ್ಕಿಗೆ ಹೇಳಿದರೂ ಸುಳ್ಳು ಸುಳ್ಳೇ.

ಹಾಗಾದರೆ ಹಾರುವ ಹಕ್ಕಿಯ ಚಿತ್ರ ಹೇಗೆ ಸಿಕ್ಕೀತು? ಇದಕ್ಕೆ ಪ್ರಕೃತಿಯೇ ಉತ್ತರ ಇಟ್ಟಿದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಗಾಳಿಯು ನೆಲದಿಂದ ಕಡಲಿಗೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ, ಮೆಲ್ಲಗೆ ಬೀಸುತ್ತದೆ. ಸೂರ್ಯನೂ ಪೂರ್ವದಲ್ಲಿಯೇ ಇರುತ್ತಾನೆ. ಪೂರ್ವಕ್ಕೆ ಬೆನ್ನು ಮಾಡಿ ನಿಂತರೆ ಬೆಳಕೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಏಳುವ ಹಕ್ಕಿ ತಾನಾಗಿಯೇ ನಿಮ್ಮ ಕಡೆ ಮುಖಮಾಡಿ ಬರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮದಿಂದ ಬರುತ್ತದೆ, ಸೂರ್ಯನೂ ಅಲ್ಲಿಗೆ ಸರಿದಿರುತ್ತಾನೆ. ಆಗ ಪಶ್ಚಿಮಕ್ಕೆ ಬೆನ್ನು ಮಾಡಿದರಾಯಿತು. ದಿನಕ್ಕೆ ಎರಡು ಸಲ ಬಾಗಿಲು ತೆರೆದಿಟ್ಟಿರುವ ಮನೆಯ ಗೋಡೆಯನ್ನು ನಾನು ಚಪ್ಪಾಳೆಯಿಂದ ಒಡೆಯಲು ಹೋಗಿದ್ದೆ!

ತ್ಯಾಗಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಈರ್ಯಾಸಮಿತಿ ಎಂದರೆ ಮುಂದಿನ ನೆಲವನ್ನು ನೋಡಿ ನಡೆಯುವುದು. ಆದಾನನಿಕ್ಷೇಪಣ ಸಮಿತಿ ಎಂದರೆ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವವಿದೆಯೇ ಎಂದು ನೋಡುವುದು. ಮರಳತೀರದಲ್ಲಿ ಟಿಟ್ಟಿಭದ ಜಾತಿಯ ಹಕ್ಕಿಗಳು ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಅವು ಕಲ್ಲಿನಂತೆಯೇ ಕಾಣುತ್ತವೆ. ಆಕಾಶವನ್ನು ನೋಡುತ್ತ ನಡೆಯುವ ಛಾಯಾಗ್ರಾಹಕನಿಗೆ, ಟ್ರೈಪಾಡ್ ಊರುವವನಿಗೆ, ಈ ಎರಡು ಸಮಿತಿಗಳಿಗಿಂತ ಉತ್ತಮವಾದ ಪಾಠವನ್ನು ಯಾವ ಪುಸ್ತಕವೂ ಹೇಳಲಾರದು.

ಗೋವೆಯಲ್ಲಿ ನೆಲೆಸಿದ ನಾವು ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ಮೊಲೆಮ್‌ನ ಸುತ್ತಲಿನ ಸುಮಾರು 240 ಚದರ ಕಿಲೋಮೀಟರ್ ಕಾಡಿನ ಅಭಯಾರಣ್ಯಕ್ಕೆ ಭಗವಾನ್ ಮಹಾವೀರರ ಹೆಸರನ್ನೇ ಇಟ್ಟಿದ್ದಾರೆ. ಅದರ ಒಳಭಾಗವು 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಮಂಗಟ್ಟೆಗಳು ಹಾರುತ್ತವೆ. ಗೋವೆಯ ರಾಜ್ಯಪಕ್ಷಿಯಾದ ಕೆಂಪು ಕೊರಳಿನ ಪಿಕಳಾರವೂ ಇದೆ. ಆ ಹೆಸರಿನ ಕಾಡಿನಲ್ಲಿ ಕಾಲಿಡುವ ಜೈನನಿಗೆ ಉಳಿದವರಿಗಿಂತ ಒಂದು ಹೊಣೆ ಹೆಚ್ಚು. ಎರಡು, ಫೋಂಡಾ ತಾಲೂಕಿನ ಬಾಂದಿವಡೆಯಲ್ಲಿ ನೇಮಿನಾಥ ಬಸದಿಯ ಅವಶೇಷಗಳಿವೆ. ಅಲ್ಲಿ ನಿಂತಾಗ ನೇಮಿನಾಥ ಸ್ವಾಮಿಯ ಕಥೆ ನೆನಪಾಗದೆ ಇರದು. ಮದುವೆಯ ದಿಬ್ಬಣದಲ್ಲಿ ಹೋಗುತ್ತಿರುವಾಗ, ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಕೂಗು ಅವರ ಕಿವಿಗೆ ಬಿತ್ತು. ರಥವನ್ನು ಹಿಂದಿರುಗಿಸಿದರು. ಪ್ರಾಣಿಗಳು ಇನ್ನೂ ಸತ್ತಿರಲಿಲ್ಲ. ಅವುಗಳ ಭಯದ ಕೂಗೇ ಆ ಮಹಾತ್ಮನಿಗೆ ಸಾಕಾಯಿತು. ಸಿಳ್ಳೆ ಬಾತುಗಳ ಕೂಗನ್ನು ಕೇಳಿಯೂ ನನಗೆ ಸಾಕಾಗಲಿಲ್ಲ. ಬಾ ಅವರ ಪ್ರಶ್ನೆ ಬೇಕಾಯಿತು.

ಚಿತ್ರವನ್ನು ಏನು ಮಾಡಿದಿರಿ ಎಂದು ಕೇಳುವಿರಿ. ಅಂಗಡಿಯ ಗೋಡೆಯಿಂದ ಇಳಿಸಿದೆ. ಆದರೆ ಹರಿದುಹಾಕಲಿಲ್ಲ. ವ್ಯಾಪಾರಿಯು ತನ್ನ ಖಾತೆಯಲ್ಲಿ ಜಮೆಯನ್ನು ಇಟ್ಟುಕೊಂಡು ನಾಮೆಯ ಹಾಳೆಯನ್ನು ಹರಿಯುವುದಿಲ್ಲ. ಅದನ್ನು ಮನೆಯಲ್ಲಿ ಸ್ವಾಧ್ಯಾಯದ ಪುಸ್ತಕಗಳ ನಡುವೆ ಇಟ್ಟಿದ್ದೇನೆ. ಪ್ರತಿಕ್ರಮಣಕ್ಕೆ ಕುಳಿತಾಗ ಸಮಸ್ತ ಜೀವರಾಶಿಗಳ ಕ್ಷಮೆ ಕೇಳುವ ಮಾತು ಬರುತ್ತದಲ್ಲವೆ? ಅಲ್ಲಿ ಈಗ ನನಗೆ ಕೆಲವು ಮುಖಗಳು ಕಾಣುತ್ತವೆ.

ಈ ಸ್ಮರಣಿಕೆಯ ಮುಖಪುಟದಲ್ಲಿ ನೀವು ನೋಡುತ್ತಿರುವ ಬೆಳ್ಳಕ್ಕಿಯನ್ನು ಮೊಮ್ಮಗನು ರಾಯಬಂದರದ ದಂಡೆಯಿಂದ ಸಂಜೆ ತೆಗೆದದ್ದು. ಅದಕ್ಕಾಗಿ ಮೂರು ಸಂಜೆ ಕಾದು ನಿಂತಿದ್ದಾನೆ. ಒಂದು ರೆಕ್ಕೆಯ ತುದಿ ಸ್ವಲ್ಪ ಮಸುಕಾಗಿದೆ ಎಂದು ಬಲ್ಲವರು ಹೇಳಿದರು, ಅದು ನಿಜ. ಆದರೆ ಬಾ ಅವರಿಗೆ ಈ ಚಿತ್ರವನ್ನು ತೋರಿಸಿದಾಗ ಅವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಈ ಸಲ ನನ್ನಲ್ಲಿ ಉತ್ತರವಿತ್ತು: “ಬಾ, ಇದು ತನ್ನ ಮನೆಗೆ ಹೋಗುತ್ತಿದೆ.”

ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯು ನವಿಲುಗರಿಯದು. ನವಿಲು ತಾನಾಗಿಯೇ ಉದುರಿಸಿದ ಗರಿಗಳನ್ನು ಮಾತ್ರ ಅದಕ್ಕೆ ಬಳಸುತ್ತಾರೆ. ಕಿತ್ತದ್ದು ವರ್ಜ್ಯ. ಚಿತ್ರವೂ ಹಾಗೆಯೇ ಇರಲಿ ಎಂಬುದು ನನ್ನ ವಿನಂತಿ. ಹಕ್ಕಿ ತಾನಾಗಿ ಕೊಟ್ಟದ್ದನ್ನು ಮಾತ್ರ ತರೋಣ. ಕಿತ್ತು ತರುವುದು ಬೇಡ.

ಅಲ್ಪಮತಿಯಾದ ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಮಿಚ್ಛಾಮಿ ದುಕ್ಕಡಂ. ಸರ್ವ ಜೀವಿಗಳಿಗೂ ಮಂಗಳವಾಗಲಿ.